ಮೂತ್ರದ ಆರೈಕೆ: ವಾರ್ಡಿನಲ್ಲೂ ಮನೆಯಲ್ಲೂ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳಿಗೆ ಗದಗ, ಹಾವೇರಿ, ನವಲಗುಂದ, ಕಲಘಟಗಿ ಕಡೆಯಿಂದ ರೋಗಿಗಳು ಬರುತ್ತಾರೆ. ವಾಪಸ್ ಊರಿಗೆ ಹೋಗುವಾಗ ಎಷ್ಟೋ ಜನರ ಜೊತೆ ಮೂತ್ರದ ಪೈಪು (ಕ್ಯಾಥೆಟರ್), ಚೀಲವೂ ಹೋಗುತ್ತವೆ. ಅದರ ಬಗ್ಗೆ ಮನೆಯವರು ಕೇಳುವ ಪ್ರಶ್ನೆಗಳನ್ನೂ, ನರ್ಸಿಂಗ್ ಮೊದಲ ವರ್ಷದ ಮಕ್ಕಳು ವಾರ್ಡಿನಲ್ಲಿ ಕೇಳುವ ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ. ಇದು ಆರೈಕೆಯ ವಿಷಯ. ಯಾವ ಔಷಧಿ, ಎಷ್ಟು ದಿನ ಅನ್ನೋದನ್ನು ಡಾಕ್ಟರೇ ಹೇಳಬೇಕು.

ಕಿಡ್ನಿ ನಿಜವಾಗಿ ದಿನಕ್ಕೆ ಎಷ್ಟು ಕೆಲಸ ಮಾಡುತ್ತದೆ?

ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಅಂದರೆ ಮನೆಗೆ ತರಿಸುವ 20 ಲೀಟರಿನ ಕುಡಿಯುವ ನೀರಿನ ಕ್ಯಾನು ಒಂಬತ್ತು. ಅದರಲ್ಲಿ ಹೆಚ್ಚೂಕಡಿಮೆ ಎಲ್ಲವನ್ನೂ ಮತ್ತೆ ರಕ್ತಕ್ಕೆ ಎಳೆದುಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಹಾಕುತ್ತವೆ. ಒಂದೊಂದು ಕಿಡ್ನಿಯಲ್ಲೂ ಹತ್ತು ಲಕ್ಷದಷ್ಟು ನೆಫ್ರಾನ್‌ಗಳಿವೆ. ಸೋಸುವುದು ಅವೇ. ಕಸ ತೆಗೆಯುವುದರ ಜೊತೆಗೆ ಬಿಪಿ ಹಿಡಿತದಲ್ಲಿಡುವುದು, ರಕ್ತ ಹೆಚ್ಚಿಸುವ ಹಾರ್ಮೋನು ತಯಾರಿಸುವುದು, ಉಪ್ಪು ಮತ್ತು ಪೊಟ್ಯಾಸಿಯಂ ಸಮ ಮಾಡುವುದು ಕೂಡ ಕಿಡ್ನಿಯದೇ ಕೆಲಸ. ಅದಕ್ಕೇ ಮೂತ್ರ ಕಡಿಮೆಯಾದರೆ ಡಾಕ್ಟರು ಇಡೀ ದೇಹದ ಬಗ್ಗೆ ಯೋಚನೆ ಮಾಡುತ್ತಾರೆ.

ಮೂತ್ರಕೋಶದಲ್ಲಿ ಎಷ್ಟು ಹಿಡಿಯುತ್ತದೆ?

ದೊಡ್ಡವರಲ್ಲಿ ಆರಾಮಾಗಿ 400ರಿಂದ 600 ಎಂ.ಎಲ್. ಇನ್ನೂರು, ಇನ್ನೂರೈವತ್ತು ತುಂಬುತ್ತಿದ್ದಂತೆ ‘ಹೋಗಬೇಕು’ ಅನ್ನಿಸಲು ಶುರುವಾಗುತ್ತದೆ.

ಎಷ್ಟು ಮೂತ್ರ ಬಂದರೆ ಸರಿ? ಯಾವಾಗ ಸೀನಿಯರ್ ಸಿಸ್ಟರ್‌ಗೆ ಹೇಳಬೇಕು?

ದೊಡ್ಡವರಿಗೆ ಲೆಕ್ಕ ಸರಳ. ಒಂದು ಕಿಲೋ ತೂಕಕ್ಕೆ ಗಂಟೆಗೆ ಕನಿಷ್ಠ ಅರ್ಧ ಎಂ.ಎಲ್ ಬರಬೇಕು. 60 ಕಿಲೋ ತೂಗುವವರಿಗೆ ಗಂಟೆಗೆ 30 ಎಂ.ಎಲ್. ಸತತ ಎರಡು ಗಂಟೆ ಅದಕ್ಕಿಂತ ಕಡಿಮೆ ಬಂದರೆ ಮೂರನೇ ಗಂಟೆಗೆ ಕಾಯಬೇಡಿ, ಹೇಳಿಬಿಡಿ. ಅದಕ್ಕೂ ಮುಂಚೆ ಪೈಪು ಮಡಚಿಕೊಂಡಿದೆಯಾ, ರೋಗಿ ಅದರ ಮೇಲೇ ಮಲಗಿದ್ದಾರಾ ಅಂತ ಒಮ್ಮೆ ನೋಡಿ.

ಇಡೀ ದಿನಕ್ಕೆ 400 ಎಂ.ಎಲ್‌ಗಿಂತ ಕಡಿಮೆ ಬಂದರೆ ಆಲಿಗ್ಯೂರಿಯಾ, 100ಕ್ಕಿಂತ ಕಡಿಮೆಯಾದರೆ ಅನ್ಯೂರಿಯಾ. ಮೂರು ಲೀಟರ್ ದಾಟಿದರೆ ಪಾಲಿಯೂರಿಯಾ. ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದವರಲ್ಲಿ ಈ ಕೊನೆಯದನ್ನು ಜಾಸ್ತಿ ನೋಡುತ್ತೀರಿ.

ಇನ್‌ಟೇಕ್-ಔಟ್‌ಪುಟ್ ಚಾರ್ಟ್ ಬರೆಯುವುದಕ್ಕೆ ಯಾಕೆ ಅಷ್ಟು ಒತ್ತಾಯ?

ಡಾಕ್ಟರು ರೌಂಡ್ಸ್‌ಗೆ ಬಂದಾಗ ಆ ಒಂದು ಹಾಳೆ ನೋಡಿ ಸಲೈನ್ ಜಾಸ್ತಿ ಮಾಡುತ್ತಾರೆ, ಕಡಿಮೆ ಮಾಡುತ್ತಾರೆ, ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಕೊಡುತ್ತಾರೆ. ನೀವು ಅಂದಾಜಿಗೆ 200 ಅಂತ ಬರೆದರೆ, ಆ ಅಂದಾಜಿನ ಮೇಲೆ ಇಂಜೆಕ್ಷನ್ ಬೀಳುತ್ತದೆ. ನನ್ನ ಪ್ರಕಾರ ಮೊದಲ ವರ್ಷದಲ್ಲಿ ನರ್ಸಿಂಗ್ ವಿದ್ಯಾರ್ಥಿ ಕಲಿಯಬೇಕಾದ ಎಲ್ಲಕ್ಕಿಂತ ದೊಡ್ಡ ಪಾಠ ಇದು. ಅಳೆದದ್ದನ್ನೇ ಬರೆಯಬೇಕು. ಅಳೆಯದಿದ್ದರೆ ‘ಅಳೆದಿಲ್ಲ’ ಅಂತಲೇ ಬರೆಯಬೇಕು.

ಒಳಗೆ ಹೋಗಿದ್ದರಲ್ಲಿ ನೀರು, ಚಹಾ, ಗಂಜಿ, ಮಜ್ಜಿಗೆ, ಎಳನೀರು, ಸಲೈನು, ರಕ್ತ, ಮೂಗಿನ ನಳಿಗೆಯಲ್ಲಿ ಕೊಟ್ಟದ್ದು ಎಲ್ಲಾ ಬರಬೇಕು. ಇಲ್ಲಿ ಒಂದು ತೊಂದರೆ ಇದೆ. ಮನೆಯಿಂದ ತಂದ ಸ್ಟೀಲ್ ವಾಟಗ ಒಂದೊಂದು ಒಂದೊಂದು ಅಳತೆಯದು. ‘ಒಂದು ಚಹಾ ಕುಡಿದ್ರು’ ಅಂದರೆ ಕ್ಯಾಂಟೀನಿನ ಪುಟ್ಟ ಕಪ್ಪೂ ಆಗಬಹುದು, ಮನೆಯ ದೊಡ್ಡ ಲೋಟವೂ ಆಗಬಹುದು. ಅಡ್ಮಿಟ್ ಆದ ದಿನವೇ ಅವರ ಲೋಟಕ್ಕೆ ನೀರು ತುಂಬಿ, ಅಳತೆ ಜಗ್ಗಿಗೆ ಸುರಿದು, ಎಷ್ಟು ಹಿಡಿಯುತ್ತದೆ ಅಂತ ಚಾರ್ಟಿನ ಮೂಲೆಯಲ್ಲಿ ಬರೆದಿಡಿ. ಆಮೇಲೆ ಜೊತೆಗಿದ್ದವರು ‘ಎರಡು ವಾಟಗ’ ಅಂದರೂ ನಿಮಗೆ ಲೆಕ್ಕ ಸಿಗುತ್ತದೆ.

ಹೊರಗೆ ಬಂದಿದ್ದರಲ್ಲಿ ಮೂತ್ರ, ವಾಂತಿ, ಭೇದಿ, ಡ್ರೈನಿನಲ್ಲಿ (ಆಪರೇಷನ್ ಜಾಗದಿಂದ ದ್ರವ ಹೊರತೆಗೆಯುವ ನಳಿಗೆ) ಬಂದದ್ದು. ಅಳತೆ ಜಗ್ಗನ್ನು ಸಮತಟ್ಟಾದ ಜಾಗದಲ್ಲಿಟ್ಟು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಓದಿ. ಕೈಗವಸು ಬೇಕೇ ಬೇಕು. ಒಬ್ಬರ ಜಗ್ಗು ಇನ್ನೊಬ್ಬರಿಗೆ ಬೇಡ. ಡೈಪರ್ ಹಾಕಿದವರಿಗೆ ಒದ್ದೆ ಡೈಪರಿನ ತೂಕದಲ್ಲಿ ಒಣ ಡೈಪರಿನ ತೂಕ ಕಳೆಯಿರಿ. ಉಳಿದ ಒಂದು ಗ್ರಾಮಿಗೆ ಒಂದು ಎಂ.ಎಲ್ ಅಂತ ಲೆಕ್ಕ.

ಇನ್ನೊಂದು ಮಾತು. ಜೊತೆಗಿದ್ದವರು ಪಾಪ, ಸಹಾಯ ಮಾಡೋಣ ಅಂತಲೇ ಚೀಲ ಖಾಲಿ ಮಾಡಿ ಬಂದುಬಿಡುತ್ತಾರೆ. ಬೈಯಬೇಡಿ. ‘ಅಣ್ಣಾರ, ಚೀಲ ತುಂಬಿದ್ರ ನನ್ನ ಕರೀರಿ, ಬರ್ಕೋಬೇಕ್ರಿ’ ಅಂತ ಮೊದಲೇ ಹೇಳಿಟ್ಟರೆ ಸಾಕು.

ಮೂತ್ರದ ಬಣ್ಣ ನೋಡಿ ಏನು ತಿಳಿಯುತ್ತದೆ?

ತಿಳಿ ಹಳದಿ ಇದ್ದರೆ ಸರಿ. ಗಾಢ ಹಳದಿ ಆದರೆ ಸಾಮಾನ್ಯವಾಗಿ ನೀರು ಕಡಿಮೆಯಾಗಿದೆ. ಚಹಾದ ಡಿಕಾಕ್ಷನ್ ಅಥವಾ ಕೋಲಾದಂಥ ಬಣ್ಣ, ಕೆಂಪು, ಹೆಪ್ಪುಗಟ್ಟಿದ ರಕ್ತ ಕಂಡರೆ ತಕ್ಷಣ ಹೇಳಬೇಕು. ಮೋಡ ಮುಸುಕಿದಂತೆ ಮಸುಕಾಗಿ, ಕೆಟ್ಟ ವಾಸನೆ ಬಂದರೆ ಸೋಂಕು ಇರಬಹುದು.

ಎಲ್ಲಾ ಬಣ್ಣಕ್ಕೂ ಗಾಬರಿ ಬೇಡ. ಟಿಬಿಗೆ ರಿಫಾಂಪಿಸಿನ್ ತೆಗೆದುಕೊಳ್ಳುವವರಿಗೆ ಕಿತ್ತಳೆ ಬಣ್ಣ ಬರುತ್ತದೆ, ಬಿ-ಕಾಂಪ್ಲೆಕ್ಸ್ ತಿಂದವರಿಗೆ ಎದ್ದುಕಾಣುವ ಹಳದಿ, ಬೀಟ್‌ರೂಟ್ ತಿಂದ ಕೆಲವರಿಗೆ ಗುಲಾಬಿ. ಮೊದಲು ಏನು ತಿಂದಿರಿ, ಯಾವ ಗುಳಿಗೆ ನಡೆಯುತ್ತಿದೆ ಅಂತ ಕೇಳಿ.

ಆಪರೇಷನ್ ಆಗಿ ಆರು ಗಂಟೆ ಆಯ್ತು, ಮೂತ್ರ ಬಂದಿಲ್ಲ. ಕ್ಯಾಥೆಟರ್ ಹಾಕಿಬಿಡಬೇಕಾ?

ತಡೆಯಿರಿ. ಬೆನ್ನಿಗೆ ಅನಸ್ತೇಷಿಯಾ ಕೊಟ್ಟವರಿಗೆ ಮೂತ್ರಕೋಶ ತುಂಬಿದ್ದು ಕೆಲ ಹೊತ್ತು ಗೊತ್ತೇ ಆಗುವುದಿಲ್ಲ. ಮೊದಲು ಕೇಳಿ, ಆಮೇಲೆ ಮುಟ್ಟಿ ನೋಡಿ. ಕೇಳುವುದೂ ಒಂದು ಕೆಲಸವೇ. ಜನರಲ್ ವಾರ್ಡಿನ ನಡುವೆ ನಿಂತು ‘ಯೂರಿನ್ ಪಾಸ್ ಆಯ್ತಾ?’ ಅಂತ ಜೋರಾಗಿ ಕೇಳಿದರೆ ಹಳ್ಳಿಯಿಂದ ಬಂದ ಹೆಣ್ಣುಮಗಳು ತಲೆ ತಗ್ಗಿಸಿ ಹೂಂ ಅಂದುಬಿಡುತ್ತಾಳೆ. ಹತ್ತಿರ ಹೋಗಿ, ಮೆಲ್ಲಗೆ, ‘ಅವ್ವಾರ, ಒಂದಕ್ಕ ಹೋಗಿದ್ರೇನ್ರಿ? ಎಷ್ಟೊತ್ತಾತ್ರಿ?’ ಅಂತ ಕೇಳಿ. ನಿಜ ಹೇಳುತ್ತಾರೆ.

ಹೊಕ್ಕುಳ ಕೆಳಗೆ ಉಬ್ಬು ಇದೆಯಾ, ಬೆರಳಿನಿಂದ ತಟ್ಟಿದರೆ ಮಂದ ಶಬ್ದ ಬರುತ್ತದೆಯಾ, ಒತ್ತಿದರೆ ನೋವಾಗುತ್ತದೆಯಾ ನೋಡಿ. ತುಂಬಿದೆ ಅನ್ನಿಸಿದರೆ ಮೊದಲು ಪರದೆ ಎಳೆಯಿರಿ. ಸಂಬಂಧಿಕರನ್ನು ಹೊರಗೆ ಕಳಿಸಿ. ಡಾಕ್ಟರ ಅನುಮತಿ ಇದ್ದರೆ ಹೆಂಗಸರನ್ನು ಕೂರಿಸಿ, ಗಂಡಸರನ್ನು ಹಾಸಿಗೆ ಪಕ್ಕ ಹಿಡಿದು ನಿಲ್ಲಿಸಿ. ಹುಟ್ಟಿದಾಗಿನಿಂದ ನಿಂತೋ ಕುಕ್ಕರಗಾಲಲ್ಲೋ ಹೋದವರಿಗೆ ಅಂಗಾತ ಮಲಗಿ ಹೋಗು ಅಂದರೆ ಹೇಗೆ ಬರುತ್ತದೆ? ನಲ್ಲಿ ಬಿಟ್ಟು ನೀರಿನ ಸಪ್ಪಳ ಕೇಳಿಸಿ. ಬೆಚ್ಚಗಿನ ನೀರನ್ನು ಆ ಭಾಗದ ಮೇಲೆ ಮೆಲ್ಲಗೆ ಸುರಿಯಿರಿ, ಹೊಲಿಗೆ ಇದ್ದರೆ ಕೇಳಿಕೊಂಡು ಮಾಡಿ. ನೋವಿದ್ದರೆ ನೋವಿನ ಔಷಧಿ ಕೊಟ್ಟಾಗಿದೆಯಾ ನೋಡಿ, ನೋವಿನಲ್ಲಿ ಸ್ನಾಯು ಬಿಗಿಯುತ್ತದೆ. ಅವಸರ ಮಾಡಬೇಡಿ, ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ‘ಬಂತಾ?’ ಅನ್ನಬೇಡಿ.

ಇಷ್ಟು ಮಾಡಿಯೂ ಆರರಿಂದ ಎಂಟು ಗಂಟೆಯೊಳಗೆ ಬರಲಿಲ್ಲ, ಹೊಟ್ಟೆ ಉಬ್ಬಿದೆ ಅಂದರೆ ಡಾಕ್ಟರಿಗೆ ಹೇಳಿ. ಸಂಕಟ ಜಾಸ್ತಿ ಇದ್ದರೆ ಅಷ್ಟು ಹೊತ್ತು ಕಾಯುವ ಪ್ರಶ್ನೆಯೇ ಇಲ್ಲ. ಇನ್ನೊಂದು ಬಹಳ ಮುಖ್ಯ. ಪದೇ ಪದೇ 30, 50 ಎಂ.ಎಲ್ ಮಾತ್ರ ಬರುತ್ತಿದೆ ಅಂದರೆ ‘ಮೂತ್ರ ಬರ್ತಿದೆ’ ಅಂತ ಸುಮ್ನೆ ಕೂರಬೇಡಿ. ತುಂಬಿ ತುಳುಕುತ್ತಿರುವುದೂ ಹಾಗೇ ಕಾಣುತ್ತದೆ.

ಬೆಡ್‌ಪ್ಯಾನ್ ಕೊಡುವಾಗ ಏನು ಗಮನಿಸಬೇಕು?

ಸ್ಟೀಲಿನದಾದರೆ ಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿ ಕೊಡಿ, ತಣ್ಣಗಿದ್ದರೆ ಮೈ ಬಿಗಿಯುತ್ತದೆ. ತಲೆ ಭಾಗ ಎತ್ತರಿಸಿ. ಸೊಂಟ ಎತ್ತಲಾಗದವರನ್ನು ಒಂದು ಮಗ್ಗುಲಿಗೆ ತಿರುಗಿಸಿ ಪ್ಯಾನ್ ಕೂರಿಸಿ, ಎಳೆದಾಡಿದರೆ ಬೆನ್ನಿನ ಚರ್ಮ ಕಿತ್ತುಬರುತ್ತದೆ. ಆದ ಮೇಲೆ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ರೋಗಿಯ ಕೈಯನ್ನೂ ತೊಳೆಸಿ, ಇದನ್ನು ಎಲ್ಲರೂ ಮರೆಯುತ್ತಾರೆ.

ಕ್ಯಾಥೆಟರ್ ಯಾರಿಗೆ ಬೇಕು?

ಮೂತ್ರ ಪೂರ್ತಿ ಕಟ್ಟಿಕೊಂಡವರಿಗೆ. ಐಸಿಯುನಲ್ಲಿ ಗಂಟೆ ಗಂಟೆಗೂ ಅಳೆಯಬೇಕಾದವರಿಗೆ. ಕೆಲವು ಆಪರೇಷನ್‌ಗಳಿಗೆ. ಬೆನ್ನೆಲುಬು ಮುರಿದು ಅಲುಗಾಡಬಾರದವರಿಗೆ. ಸೊಂಟದ ಹುಣ್ಣು ಮೂತ್ರದಿಂದ ನೆನೆದು ಮಾಯದೇ ಇರುವವರಿಗೆ. ಕೊನೆಯ ದಿನಗಳಲ್ಲಿ ಇರುವವರ ನೆಮ್ಮದಿಗೆ.

‘ಹಾಸಿಗೆ ಒದ್ದೆ ಮಾಡ್ತಾರೆ’, ‘ರಾತ್ರಿ ಡ್ಯೂಟಿಯಲ್ಲಿ ಒಬ್ಬಳೇ ಇದ್ದೀನಿ’ ಅನ್ನೋದು ಕಾರಣಗಳ ಪಟ್ಟಿಯಲ್ಲಿ ಇಲ್ಲ. ರಾತ್ರಿ ಡ್ಯೂಟಿಯ ಕಷ್ಟ ನನಗೆ ಗೊತ್ತು. ಆದರೂ ಹೇಳುತ್ತೇನೆ, ಪೈಪು ಒಳಗಿದ್ದ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ಶೇಕಡಾ 3ರಿಂದ 7ರಷ್ಟು ಏರುತ್ತಾ ಹೋಗುತ್ತದೆ. ನಮ್ಮ ಅನುಕೂಲಕ್ಕೆ ಹಾಕಿದ ಪೈಪಿನ ಜ್ವರವನ್ನು ಆ ರೋಗಿ ಅನುಭವಿಸಬೇಕಾಗುತ್ತದೆ. ಪ್ರತಿ ದಿನ ಬೆಳಗಿನ ರೌಂಡ್ಸ್‌ನಲ್ಲಿ ‘ಸರ್, ಇವರಿಗೆ ಇವತ್ತೂ ಕ್ಯಾಥೆಟರ್ ಬೇಕಾ?’ ಅಂತ ಕೇಳುವ ಧೈರ್ಯ ನರ್ಸಿಗೆ ಇರಬೇಕು. ಆ ಒಂದು ಪ್ರಶ್ನೆಯಿಂದ ಎಷ್ಟೋ ಸೋಂಕು ತಪ್ಪುತ್ತದೆ.

ಗಂಡಸರಿಗೆ ಮೂತ್ರ ಸರಾಗ ಬರುತ್ತಿದ್ದು, ಹಿಡಿದುಕೊಳ್ಳಲು ಆಗದಿದ್ದರೆ ಕಾಂಡಮ್ ಕ್ಯಾಥೆಟರ್ ಸಾಕಾಗಬಹುದು. ತುದಿಯಲ್ಲಿ ಒಂದು ಇಂಚು ಜಾಗ ಬಿಡಿ, ಟೇಪನ್ನು ಸುತ್ತಲೂ ಬಿಗಿದು ಕಟ್ಟಬೇಡಿ, ದಿನಾ ತೆಗೆದು ಚರ್ಮ ನೋಡಿ.

ಫೋಲಿ ಕ್ಯಾಥೆಟರ್ ಹಾಕುವಾಗ ವಿದ್ಯಾರ್ಥಿಗಳು ಎಲ್ಲಿ ಎಡವುತ್ತಾರೆ?

ಫೋಲಿ ಅಂದರೆ ಮೂತ್ರಕೋಶದೊಳಗೆ ಬಲೂನು ಉಬ್ಬಿಸಿ ನಿಲ್ಲಿಸುವ ಪೈಪು. ಎಡವುವುದು ಗಾತ್ರದಿಂದಲೇ ಶುರು. ದಪ್ಪ ಇದ್ದರೆ ಸೋರುವುದಿಲ್ಲ ಅಂದುಕೊಳ್ಳುತ್ತಾರೆ. ದಪ್ಪ ಪೈಪು ನಾಳವನ್ನು ಉಜ್ಜಿ ಗಾಯ ಮಾಡುತ್ತದೆ, ಸೋರಿಕೆ ಇನ್ನೂ ಜಾಸ್ತಿಯಾಗುತ್ತದೆ. ಹೆಂಗಸರಿಗೆ 12 ಅಥವಾ 14, ಗಂಡಸರಿಗೆ 14 ಅಥವಾ 16 ಫ್ರೆಂಚ್ ಸಾಕು. ಮೂರು ಫ್ರೆಂಚ್ ಅಂದರೆ ಒಂದು ಮಿಲಿಮೀಟರ್ ದಪ್ಪ.

ಹೆಂಗಸರಲ್ಲಿ ಮೂತ್ರನಾಳ ಬರೀ 4 ಸೆಂ.ಮೀ. ಅದರ ಬಾಯಿ ಕಾಣದೆ ಪೈಪು ಯೋನಿಗೆ ಹೋಗುವುದು ಸಾಮಾನ್ಯ. ಹಾಗಾದರೆ ಅದನ್ನು ಕೂಡಲೇ ಎಳೆಯಬೇಡಿ. ಗುರುತಿಗೆ ಅಲ್ಲೇ ಇರಲಿ, ಹೊಸ ಸ್ಟೆರೈಲ್ ಕ್ಯಾಥೆಟರ್ ತೆಗೆದುಕೊಂಡು ಅದರ ಮೇಲಿನ ಬಾಯಿಗೆ ಹಾಕಿ. ತಪ್ಪು ಜಾಗಕ್ಕೆ ಹೋದದ್ದನ್ನು ಮತ್ತೆ ಮೂತ್ರನಾಳಕ್ಕೆ ಹಾಕುವ ಹಾಗಿಲ್ಲ. ಒಳ್ಳೆ ಬೆಳಕು ಇದ್ದರೆ ಅರ್ಧ ಕೆಲಸ ಆದಂತೆ.

ಗಂಡಸರಲ್ಲಿ ನಾಳ 18ರಿಂದ 20 ಸೆಂ.ಮೀ. ಮರಗಟ್ಟಿಸುವ ಲಿಗ್ನೊಕೇನ್ ಜೆಲ್ಲಿ ಹಾಕಿ ಕೆಲವು ನಿಮಿಷ ಕಾಯಿರಿ. ಶಿಶ್ನವನ್ನು ನೇರ ಮೇಲಕ್ಕೆ ಹಿಡಿಯಿರಿ. ಮೂತ್ರ ಕಂಡ ಕೂಡಲೇ ನಿಲ್ಲಿಸದೆ ಪೈಪಿನ ಹೊರತುದಿಯ ಕವಲಿನವರೆಗೂ ಒಳಗೆ ಕಳಿಸಿ, ಆಮೇಲೆ ಬಲೂನಿಗೆ ನೀರು ತುಂಬಿ. ನಾಳದೊಳಗೆ ಬಲೂನು ಉಬ್ಬಿದರೆ ರಕ್ತ ಹರಿಯುತ್ತದೆ. ತುಂಬುವಾಗ ರೋಗಿ ನೋವು ಅಂದರೆ ಅಲ್ಲೇ ನಿಲ್ಲಿಸಿ, ನೀರು ವಾಪಸ್ ಎಳೆಯಿರಿ. ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ದಪ್ಪವಾದವರಲ್ಲಿ ಪೈಪು ಅಡ್ಡ ಸಿಕ್ಕಿದರೆ ಬಲ ಹಾಕಬೇಡಿ, ಡಾಕ್ಟರನ್ನು ಕರೆಯಿರಿ. ಮುಗಿದ ಮೇಲೆ ಹಿಂದಕ್ಕೆ ಸರಿಸಿದ್ದ ಮುಂದೊಗಲನ್ನು ಮರೆಯದೆ ಮುಂದಕ್ಕೆ ತನ್ನಿ. ಇಲ್ಲದಿದ್ದರೆ ಅಲ್ಲೇ ಬಾತುಕೊಂಡು ತುರ್ತು ಪರಿಸ್ಥಿತಿಯಾಗುತ್ತದೆ.

ಬಲೂನಿಗೆ ಸ್ಟೆರೈಲ್ ನೀರೇ ಬೇಕು, ಸಲೈನ್ ಬೇಡ. ಉಪ್ಪು ಹರಳುಗಟ್ಟಿದರೆ ತೆಗೆಯುವ ದಿನ ಬಲೂನು ಇಳಿಯದೇ ಹೋಗಬಹುದು. ಎಷ್ಟು ತುಂಬಬೇಕು ಅನ್ನೋದು ಪೈಪಿನ ಮೇಲೇ ಬರೆದಿರುತ್ತದೆ.

ಕ್ಯಾಥೆಟರ್ ಇಟ್ಟೇ ಮನೆಗೆ ಕಳಿಸಿದ್ದಾರೆ. ಬಸ್ಸಿನಲ್ಲಿ ಹೇಗೆ ಕರೆದೊಯ್ಯುವುದು? ಮನೆಯಲ್ಲಿ ಹೇಗೆ ನೋಡಿಕೊಳ್ಳುವುದು?

ಒಂದೇ ಒಂದು ನಿಯಮ ನೆನಪಿಟ್ಟರೆ ಅರ್ಧ ಗೆದ್ದಂತೆ: ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಮೇಲೆ ಎತ್ತಿದರೆ ಚೀಲದ ಹಳೇ ಮೂತ್ರ ಮತ್ತೆ ಒಳಗೆ ಹೋಗುತ್ತದೆ. ಹುಬ್ಬಳ್ಳಿಯಿಂದ ಗದಗಿಗೋ ಹಾವೇರಿಗೋ ಬಸ್ಸು ಹತ್ತುವ ಮುಂಚೆ ಚೀಲ ಖಾಲಿ ಮಾಡಿಸಿ. ಹತ್ತುವಾಗ ಇಳಿಯುವಾಗ ಇನ್ನೊಬ್ಬರು ಚೀಲವನ್ನು ಕೆಳಗೇ ಹಿಡಿದುಕೊಂಡಿರಲಿ. ಕೂತ ಮೇಲೆ ತೊಡೆಯ ಮೇಲೆ ಇಟ್ಟುಕೊಳ್ಳಬೇಡಿ, ಸೀಟಿನ ಕೆಳಗಿನ ಕಂಬಿಗೆ ನೇತುಹಾಕಿ. ಪೈಪನ್ನು ತೊಡೆಗೆ ಟೇಪು ಹಾಕಿ ಅಂಟಿಸಿರಬೇಕು, ಸ್ವಲ್ಪ ಸಡಿಲು ಇರಲಿ. ಬಸ್ಸು ಎಗರಿದಾಗ ಜಗ್ಗಬಾರದು.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನೆಲದ ಮೇಲೇ ಹಾಸಿಗೆ. ಆಗ ಚೀಲ ಕೆಳಗಿಡಲು ಜಾಗವೇ ಇರುವುದಿಲ್ಲ. ಪೈಪು ಇರುವಷ್ಟು ದಿನವಾದರೂ ಮಂಚದ ಮೇಲೆ ಮಲಗಿಸಿ, ಚೀಲವನ್ನು ಮಂಚದ ಪಟ್ಟಿಗೆ ಕಟ್ಟಿ. ಮಂಚ ತಗ್ಗಿದ್ದು ಚೀಲ ನೆಲ ಮುಟ್ಟುತ್ತಿದ್ದರೆ ತೊಳೆದ ಪ್ಲಾಸ್ಟಿಕ್ ಬುಟ್ಟಿಯೊಳಗೆ ಇಡಿ.

ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ನಲ್ಲಿಗೆ ನಾಲ್ಕಾರು ದಿನಕ್ಕೊಮ್ಮೆ ನೀರು ಬರುವ ಓಣಿಗಳಲ್ಲಿ ಇರುವವರು ಇದಕ್ಕೆಂದೇ ಒಂದು ಮುಚ್ಚಿದ ಬಕೆಟ್ಟು, ಒಂದು ಜಗ್ಗು ಬೇರೆ ಇಟ್ಟುಕೊಳ್ಳಿ. ಬಕೆಟ್ಟಿನೊಳಗೆ ಕೈ ಅದ್ದಬೇಡಿ, ಜಗ್ಗಿನಿಂದ ಸುರಿದುಕೊಳ್ಳಿ. ದಿನಕ್ಕೆ ಎರಡು ಸಲ, ಮತ್ತೆ ಸಂಡಾಸಕ್ಕೆ ಹೋದಾಗಲೆಲ್ಲ, ಪೈಪು ಒಳಗೆ ಹೋಗುವ ಜಾಗವನ್ನು ಸೋಪು ನೀರಿನಿಂದ ತೊಳೆಯಿರಿ. ಪೈಪನ್ನು ದೇಹದ ಕಡೆಯಿಂದ ಹೊರಗಿನ ಕಡೆಗೆ ಒರೆಸಿ. ಡೆಟಾಲು, ಪೌಡರು, ಎಣ್ಣೆ ಏನೂ ಬೇಡ. ಸ್ನಾನ ಮಾಡಿಸಬಹುದು.

ಚೀಲ ಮುಕ್ಕಾಲು ತುಂಬುವುದರೊಳಗೆ ಕೆಳಗಿನ ನಲ್ಲಿಯಿಂದ ಖಾಲಿ ಮಾಡಿ. ನಲ್ಲಿಯ ಬಾಯಿ ಪಾತ್ರೆಗೆ ತಾಗದಿರಲಿ. ಪೈಪು ಮತ್ತು ಚೀಲ ಕೂಡುವ ಜಾಗವನ್ನು ಸುಮ್ಮಸುಮ್ಮನೆ ಬಿಚ್ಚಬೇಡಿ, ರೋಗಾಣು ಒಳಗೆ ಹೋಗಲು ಅದೇ ದಾರಿ.

ಒಂದು ಕ್ಯಾಥೆಟರ್ ಎಷ್ಟು ದಿನ ಇಡಬಹುದು?

ಹಳದಿ ಲೇಟೆಕ್ಸ್‌ನದಾದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ. ಪೂರ್ತಿ ಸಿಲಿಕಾನ್‌ನದು 12 ವಾರದವರೆಗೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ಹಾಕಿದ ದಿನ, ಬದಲಿಸುವ ದಿನ ಎರಡನ್ನೂ ಬರೆಸಿಕೊಳ್ಳಿ.

ಚೀಲಕ್ಕೆ ಬರುತ್ತಿಲ್ಲ, ಪಕ್ಕದಿಂದ ಸೋರುತ್ತಿದೆ. ಏನು ಮಾಡಲಿ?

ಪೈಪು ಮಡಚಿದೆಯಾ, ಚೀಲ ಮೇಲಿದೆಯಾ ನೋಡಿ. ಮಲಬದ್ಧತೆ ಇದ್ದರೂ ಹೀಗಾಗುತ್ತದೆ. ಎಲ್ಲಾ ಸರಿ ಇದ್ದೂ ಬರದಿದ್ದರೆ ಒಳಗೆ ಕಟ್ಟಿಕೊಂಡಿದೆ, ಆಸ್ಪತ್ರೆಗೆ ಹೋಗಿ. ಎಳೆಯುವುದಾಗಲಿ, ಕತ್ತರಿಸುವುದಾಗಲಿ ಮಾಡಬೇಡಿ. ಬಲೂನು ಒಳಗೆ ಉಬ್ಬಿಕೊಂಡೇ ಇರುತ್ತದೆ.

ಮೂತ್ರದ ಸ್ಯಾಂಪಲ್ ಹೇಗೆ ಕೊಡಬೇಕು?

ಕಲ್ಚರ್‌ಗೆ (ಯಾವ ರೋಗಾಣು ಅಂತ ಬೆಳೆಸಿ ನೋಡುವ ಪರೀಕ್ಷೆ) ಆದರೆ ಆ ಭಾಗ ತೊಳೆದು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಲ್ಯಾಬಿನವರು ಕೊಟ್ಟ ಡಬ್ಬಿಗೆ ಹಿಡಿಯಿರಿ. ಒಂದೆರಡು ಗಂಟೆಯೊಳಗೆ ಲ್ಯಾಬು ಮುಟ್ಟಬೇಕು. ಕ್ಯಾಥೆಟರ್ ಇದ್ದವರಿಗೆ ಸ್ಯಾಂಪಲ್ ಪೋರ್ಟ್ ಒರೆಸಿ ಸಿರಿಂಜಿನಿಂದ ತೆಗೆಯಬೇಕು, ಚೀಲದಿಂದ ಬೇಡವೇ ಬೇಡ. 24 ಗಂಟೆಯ ಮೂತ್ರ ಕೂಡಿಡಲು ಹೇಳಿದರೆ ಬೆಳಗ್ಗೆ ಮೊದಲ ಸಲದ್ದನ್ನು ಚೆಲ್ಲಿ ಸಮಯ ಬರೆಯಿರಿ, ಮರುದಿನ ಅದೇ ಸಮಯಕ್ಕೆ ಕೊನೆಯದನ್ನು ಸೇರಿಸಿ.

ಹೆಣ್ಣುಮಕ್ಕಳಿಗೇ ಯಾಕೆ ಉರಿಮೂತ್ರ ಜಾಸ್ತಿ?

ನಾಳ ಚಿಕ್ಕದು, ಗುದದ್ವಾರ ಹತ್ತಿರ. ಕರುಳಿನ ಇ.ಕೋಲೈ ಬ್ಯಾಕ್ಟೀರಿಯಾ ಸುಲಭವಾಗಿ ಒಳಗೆ ಸೇರುತ್ತದೆ. ಇದು ದೇಹದ ರಚನೆ, ಯಾರ ತಪ್ಪೂ ಅಲ್ಲ. ಆದರೆ ಇದಕ್ಕೆ ನಮ್ಮ ಊರುಗಳು ಇನ್ನೊಂದನ್ನು ಸೇರಿಸುತ್ತವೆ. ಬ್ಯಾಡಗಿಯಲ್ಲಿ ದಿನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸುವವರು, ಹೊಲದಲ್ಲಿ ಕಳೆ ತೆಗೆಯುವವರು, ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುವವರು ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಕುಡಿದರೆ ಎಲ್ಲಿಗೆ ಹೋಗುವುದು ಅನ್ನೋ ಚಿಂತೆ. ಶಾಲೆಯ ಹುಡುಗಿಯರೂ ಹಾಗೆಯೇ. ಅವರಿಗೆ ‘ನೀರು ಕುಡೀರಿ’ ಅಂತ ಉಪದೇಶ ಮಾಡಿದರೆ ಸಾಲದು, ಕೆಲಸದ ಜಾಗದಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ, ನೀರಿರುವ ಶೌಚಾಲಯ ಬೇಕು. ಆರೋಗ್ಯ ಶಿಬಿರಕ್ಕೆ ಹೋದಾಗ ನಾವು ನರ್ಸುಗಳು ಇದನ್ನೂ ಕೇಳಬೇಕು.

ಉರಿ, ಪದೇ ಪದೇ ಹೋಗಬೇಕೆನಿಸುವುದು, ಕಿಬ್ಬೊಟ್ಟೆ ನೋವು ಇದ್ದರೆ ಮೂತ್ರ ಪರೀಕ್ಷೆ ಮಾಡಿಸಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ಗುಳಿಗೆ ನುಂಗಿ, ಉರಿ ಕಡಿಮೆಯಾದ ಕೂಡಲೇ ಬಿಡುವುದು ಬೇಡ. ಬಸುರಿಯರು ಒಂದು ದಿನವೂ ತಡ ಮಾಡಬಾರದು. ವಯಸ್ಸಾದವರಲ್ಲಿ ಉರಿ ಇಲ್ಲದೆಯೂ ಸೋಂಕು ಇರಬಹುದು. ನಿನ್ನೆ ಸರಿ ಇದ್ದ ಅಜ್ಜಿ ಇವತ್ತು ಏನೇನೋ ಮಾತಾಡುತ್ತಿದ್ದರೆ ವಯಸ್ಸಾಯ್ತು ಅಂತ ಬಿಡದೆ ಡಾಕ್ಟರಿಗೆ ತೋರಿಸಿ.

ಅಜ್ಜನಿಗೆ ತಡೆದುಕೊಳ್ಳಲು ಆಗುತ್ತಿಲ್ಲ, ಬಟ್ಟೆ ಒದ್ದೆಯಾಗುತ್ತದೆ. ನೀರು ಕಡಿಮೆ ಕೊಡಲಾ?

ಬೇಡ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಇನ್ನೂ ಅವಸರ ಮಾಡುತ್ತದೆ. ರಾತ್ರಿ ಮಲಗುವ ಎರಡು ಗಂಟೆ ಮುಂಚಿನಿಂದ ಮಾತ್ರ ಕಡಿಮೆ ಮಾಡಿ. ಹಗಲಲ್ಲಿ ಎರಡೆರಡು ಗಂಟೆಗೊಮ್ಮೆ, ಅವರು ಕೇಳದಿದ್ದರೂ ಕರೆದುಕೊಂಡು ಹೋಗಿ.

ಯಾವ ಥರದ ತೊಂದರೆ ಅಂತ ಗಮನಿಸಿ. ಕೆಮ್ಮಿದಾಗ, ಸೀನಿದಾಗ ಸೋರುವುದು ಒಂದು. ಬಂತು ಅನ್ನುವಷ್ಟರಲ್ಲಿ ಆಗಿಬಿಡುವುದು ಇನ್ನೊಂದು. ಪ್ರಾಸ್ಟೇಟ್ ದಪ್ಪವಾದವರಲ್ಲಿ ತುಂಬಿ ಹನಿಯುವುದು ಬೇರೆ. ಕೆಲವರಿಗೆ ಮೂತ್ರಕೋಶ ಚೆನ್ನಾಗೇ ಇರುತ್ತದೆ, ಶೌಚಾಲಯ ಹಿತ್ತಲಿನ ತುದಿಯಲ್ಲಿರುತ್ತದೆ, ಮೊಣಕಾಲು ನೋವು, ದಾರಿಯಲ್ಲಿ ದೀಪ ಇಲ್ಲ. ಅಂಥವರಿಗೆ ಹಾಸಿಗೆ ಪಕ್ಕ ಯೂರಿನಲ್ ಅಥವಾ ಕಮೋಡ್ ಕುರ್ಚಿ, ದಾರಿಗೊಂದು ಬಲ್ಬು ಸಾಕು. ಕೆಮ್ಮಿದಾಗ ಸೋರುವ ಹೆಂಗಸರಿಗೆ ಕೆಗೆಲ್ ವ್ಯಾಯಾಮ ನಿಜವಾಗಿ ಕೆಲಸ ಮಾಡುತ್ತದೆ. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನು ಐದರಿಂದ ಹತ್ತು ಸೆಕೆಂಡ್ ಬಿಗಿಹಿಡಿದು ಬಿಡಬೇಕು. ಒಂದು ಸಲಕ್ಕೆ ಹತ್ತು, ದಿನಕ್ಕೆ ಮೂರು ಸಲ. ಫಲ ಕಾಣಲು ವಾರಗಟ್ಟಲೆ ಬೇಕು.

ಒದ್ದೆಯಾದ ಬಟ್ಟೆ ಬೇಗ ಬದಲಿಸಿ, ತೊಳೆದು ಒಣಗಿಸಿ. ಅವರ ಎದುರು ಮೂಗು ಮುಚ್ಚಿಕೊಳ್ಳಬೇಡಿ.

ದಿನಕ್ಕೆ ಎಷ್ಟು ನೀರು ಕುಡಿಯಬೇಕು? ಬಾಳೆದಿಂಡಿನ ರಸ ಕುಡಿದರೆ ಕಿಡ್ನಿ ಕಲ್ಲು ಕರಗುತ್ತದಾ?

ಆರೋಗ್ಯವಾಗಿ ಇರುವವರಿಗೆ ಮೂತ್ರ ತಿಳಿ ಹಳದಿ ಇರುವಷ್ಟು. ಕಲ್ಲು ಬಂದಿದ್ದವರು ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಬರುವಷ್ಟು ಕುಡಿಯಬೇಕು. ನಮ್ಮ ಏಪ್ರಿಲ್ ಬಿಸಿಲಲ್ಲಿ ಬೆವರಾಗಿ ಹೋಗುವುದೇ ಜಾಸ್ತಿ, ಹಾಗಾಗಿ ಇನ್ನೂ ಹೆಚ್ಚು ಬೇಕು. ಹೃದಯ ಅಥವಾ ಕಿಡ್ನಿ ಸೋತವರಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರಿಗೆ ಡಾಕ್ಟರು ಅಳೆದು ಕೊಡುತ್ತಾರೆ. ಬಾಳೆದಿಂಡಿನ ಪಲ್ಯ ತಿನ್ನಿ, ಒಳ್ಳೆಯದೇ. ಅದನ್ನೇ ನಂಬಿ ಸ್ಕ್ಯಾನಿಂಗ್ ಮುಂದೂಡಬೇಡಿ.

ಕ್ಯಾಥೆಟರ್ ತೆಗೆದ ಮೇಲೆ ಏನು ನೋಡಬೇಕು?

ತೆಗೆದ ಸಮಯ ಬರೆಯಿರಿ. ಆರರಿಂದ ಎಂಟು ಗಂಟೆಯೊಳಗೆ ತಾವೇ ಹೋಗಬೇಕು. ಮೊದಲ ಒಂದೆರಡು ಸಲ ಸ್ವಲ್ಪ ಉರಿಯುತ್ತದೆ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಹೆದರಿ ತಡೆದುಕೊಳ್ಳುತ್ತಾರೆ.

ಏನಾದರೆ ರಾತ್ರಿ ಹೊತ್ತಾದರೂ ಕಾಯದೆ ಆಸ್ಪತ್ರೆಗೆ ಹೊರಡಬೇಕು?

ಹೊಟ್ಟೆ ಉಬ್ಬಿ ಒಂದು ಹನಿಯೂ ಬರದಿದ್ದರೆ. ಚಳಿಜ್ವರದ ಜೊತೆ ಪಕ್ಕೆ ನೋವು, ವಾಂತಿ ಇದ್ದರೆ. ರಕ್ತದ ಗಡ್ಡೆ ಬಂದರೆ. ಪೈಪು ಬಲೂನಿನ ಸಮೇತ ಕಿತ್ತುಬಂದರೆ. ಮುಖ, ಕಾಲು ಬಾತು ಉಸಿರಾಟ ಕಷ್ಟವಾದರೆ. 108ಕ್ಕೆ ಫೋನ್ ಮಾಡಿ. ಹೊರಡುವಾಗ ಡಿಸ್ಚಾರ್ಜ್ ಕಾರ್ಡು, ನಡೆಯುತ್ತಿರುವ ಗುಳಿಗೆಗಳು, ಮನೆಯಲ್ಲಿ ಮೂತ್ರದ ಲೆಕ್ಕ ಬರೆದ ಹಾಳೆ ಇದ್ದರೆ ಅದು, ಮೂರನ್ನೂ ಕೈಯಲ್ಲಿ ಹಿಡಿದುಕೊಳ್ಳಿ. ಕ್ಯಾಶುವಾಲ್ಟಿಯಲ್ಲಿ ಡಾಕ್ಟರು ಮೊದಲು ಕೇಳುವುದು ‘ಕೊನೇ ಸಲ ಯಾವಾಗ ಹೋಗಿದ್ರು, ಎಷ್ಟು ಬಂತು?’ ಅಂತ.